ಬಣ್ಣ ನೋಡುವ ಕೋಣೆ

ಏಳನೆಯ ಹೆಜ್ಜೆ: ಗೋಡೆ ನೋಡುವುದು, ಎಂದು ಬರೆದು ಅವಳು ಪೆನ್ನೆತ್ತಿದಳು.

“ಎಷ್ಟು ಹೊತ್ತು ನೋಡ್ಬೇಕು ಅಕ್ಕ?”

“ಕಣ್ಣು ಸಾಕು ಅನ್ನೋ ತನಕ.”

ಅದನ್ನು ಹಾಗೇ ಬರೆಯುವಂತಿರಲಿಲ್ಲ. ಪ್ರತಿ ಹೆಜ್ಜೆಯ ಎದುರಿಗೆ ಸಣ್ಣದೊಂದು ಚೌಕವಿತ್ತು. ಅದರಲ್ಲಿ ಸೆಕೆಂಡುಗಳನ್ನು ತುಂಬಬೇಕು. ಅವಳು ಗಡಿಯಾರ ನೋಡಿಕೊಂಡು, ಬಣ್ಣದಕ್ಕನ ಜೊತೆ ತಾನೂ ಗೋಡೆಯ ಕಡೆ ತಿರುಗಿದಳು. ಬೂದು ಗೋಡೆ. ಒಂದು ಮೊಳೆ ಇಲ್ಲ, ಕ್ಯಾಲೆಂಡರ್ ಇಲ್ಲ. ಇಷ್ಟು ಹೊತ್ತು ಕೆಂಪು ದಾರ ನೋಡಿದ ಕಣ್ಣಿಗೆ ಅಲ್ಲೊಂದು ಹಸಿರು ಕಲೆ ಕಾಣಿಸಿತು. ಅದು ನೀರಿನ ಮೇಲಿನ ಎಲೆಯ ಹಾಗೆ ನಿಧಾನವಾಗಿ ಬಾಗಿಲ ಕಡೆ ತೇಲಿ ಹೋಗಿ ಕರಗಿತು. ಹನ್ನೆರಡು ಸೆಕೆಂಡು. ಚೌಕದಲ್ಲಿ ಬರೆದಳು.

ಅದು ಹೊಲಿಗೆ ದಾರದ ಕಂಪನಿ. ಉಡುಪು ಹೊಲಿಯುವ ಕಾರ್ಖಾನೆಗಳು ಬೆರಳಗಲದ ಬಟ್ಟೆಯ ತುಂಡುಗಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತವೆ. ಆ ಬಟ್ಟೆಗೆ ಆರುನೂರ ನಲವತ್ತು ಬಣ್ಣಗಳಲ್ಲಿ ಯಾವ ದಾರ ಹೊಂದುತ್ತದೆಂದು ಹೇಳುವುದು ಈ ಕೋಣೆಯ ಕೆಲಸ. ಮೂವತ್ತೊಂದು ವರ್ಷದಿಂದ ಅದನ್ನು ಹೇಳುತ್ತಿರುವವಳು ಬಣ್ಣದಕ್ಕ. ಉತ್ತರದ ಕಿಟಕಿ, ಅದರ ಕೆಳಗೆ ಉದ್ದನೆಯ ಮೇಜು, ಎರಡು ಗೋಡೆಗೆ ರೀಲುಗಳ ಗೂಡು, ನಾಲ್ಕನೆಯದು ಬೂದು. ಬೇರೆ ಬಣ್ಣದ ಬಟ್ಟೆ ಉಟ್ಟರೆ ಅದರ ನೆರಳು ದಾರದ ಮೇಲೆ ಬೀಳುತ್ತದಂತೆ. ಅದಕ್ಕೆ ಒಳಗೆ ಬರುವವರೆಲ್ಲ ಬಿಳಿ ಕೋಟು ಹಾಕಿಕೊಳ್ಳಬೇಕು. ಬೆಳಿಗ್ಗೆ ಅವಳಿಗೂ ಒಂದು ಕೊಟ್ಟಿದ್ದರು. ಹಾಕಿಕೊಂಡ ಮೇಲೆ ತಾನು ಯಾವ ಬಣ್ಣದ ಸೀರೆ ಉಟ್ಟು ಬಂದೆ ಎಂಬುದೇ ಅವಳಿಗೆ ಮರೆತು ಹೋಯಿತು.

ಬೇರೆಯವರು ಮಾಡುವ ಕೆಲಸವನ್ನು ಬರೆದಿಡುವುದು ಅವಳ ಕೆಲಸ.

ಕಂಪನಿ ಬದಲಾಗುತ್ತಿದೆ ಎಂದು ಮ್ಯಾನೇಜರು ಸಂದರ್ಶನದ ದಿನವೇ ಹೇಳಿದ್ದ. ಇನ್ನೂ ಮೂವತ್ತಾಗದ ಹುಡುಗ. ಅವಳನ್ನು ಮೇಡಂ ಎನ್ನುತ್ತಿದ್ದ, ಎದುರಿಗೆ ಬಂದರೆ ಅರ್ಧ ಎದ್ದು ಕೂರುತ್ತಿದ್ದ. ಕೆಲಸವೆಲ್ಲ ಜನರ ತಲೆಯೊಳಗಿದೆ ಮೇಡಂ, ಅದನ್ನು ಹೊರಗೆ ತರಬೇಕು, ಎಂದಿದ್ದ. ಎಂ.ಎ. ಮಾಡಿ ಇಪ್ಪತ್ತೆರಡು ವರ್ಷ ಮನೆಯಲ್ಲಿದ್ದವಳನ್ನು ಯಾಕೆ ತೆಗೆದುಕೊಂಡರೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಪಕ್ಕದಲ್ಲಿ ಕೂತರೆ ಅವಳು ಕೂತಿದ್ದಾಳೆ ಎಂದು ಯಾರಿಗೂ ಅನ್ನಿಸುತ್ತಿರಲಿಲ್ಲ.

ಆರು ತಿಂಗಳ ಪ್ರೊಬೇಷನ್ ಈ ದಿನಕ್ಕೆ ಮುಗಿಯುತ್ತಿತ್ತು. ಬಣ್ಣದ ಕೋಣೆಯೊಂದು ಬರೆದು ಕೊಟ್ಟುಬಿಡಿ, ಮೂರು ಗಂಟೆಗೆ ಪರೀಕ್ಷೆ, ಸರಿಹೋದರೆ ಸಂಜೆಯೇ ಕಾಯಂ ಪತ್ರ, ಎಂದಿದ್ದ ಮ್ಯಾನೇಜರು. ಪರೀಕ್ಷೆ ಎಂದರೆ ಮೂರು ತುಂಡು ಬಟ್ಟೆ. ಒಂದು ಕಡೆ ಬಣ್ಣ ಓದುವ ಹೊಸ ಯಂತ್ರ ಮತ್ತು ಅವಳು ಬರೆದ ಹೆಜ್ಜೆಗಳು, ಇನ್ನೊಂದು ಕಡೆ ಬಣ್ಣದಕ್ಕ. ಎರಡೂ ಕಡೆ ಒಂದೇ ಉತ್ತರ ಬರಬೇಕು, ಅಥವಾ ಯಾಕೆ ಬರಲಿಲ್ಲವೆಂದು ಅವಳ ಬರವಣಿಗೆ ಹೇಳಬೇಕು.

ಆ ಪತ್ರ ಅವಳಿಗೆ ಬೇಕಿತ್ತು. ಎಷ್ಟು ಬೇಕಿತ್ತೆಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ಮಗಳ ಶಾಲೆಯಲ್ಲಿ, ಇಪ್ಪತ್ತೆರಡು ವರ್ಷ ಎಷ್ಟು ಅರ್ಜಿಗಳಲ್ಲಿ ‘ಉದ್ಯೋಗ’ ಎಂಬ ಗೆರೆಯ ಮೇಲೆ ಗೃಹಿಣಿ ಎಂದು ಬರೆದಿದ್ದಳೋ. ಬರೆಯುವಾಗ ನಾಚಿಕೆ ಏನೂ ಆಗುತ್ತಿರಲಿಲ್ಲ. ಆದರೆ ಅರ್ಜಿ ತೆಗೆದುಕೊಂಡವರು ಆ ಗೆರೆಯನ್ನು ಓದದೆ ಮುಂದಿನದಕ್ಕೆ ಹೋಗುವುದನ್ನು ನೋಡಿದ್ದಳು.

ಗಂಡ ಕೆಟ್ಟವನಲ್ಲ. ಕೆಲಸ ಸಿಕ್ಕಾಗ, ನಿನಗೂ ಹೊತ್ತು ಹೋಗುತ್ತೆ ಬಿಡು, ಎಂದಿದ್ದ. ಮಗಳು ಕಾಲೇಜಿನ ಕೊನೆಯ ವರ್ಷ. ಅವಳೂ ಈಗ ಸಂದರ್ಶನಗಳಿಗೆ ಓಡಾಡುತ್ತಿದ್ದಳು. ರಾತ್ರಿ ಊಟವಾದ ಮೇಲೆ ಅಮ್ಮನನ್ನೇ ಎದುರಿಗೆ ಕೂರಿಸಿಕೊಂಡು, ನೀನು ಪ್ರಶ್ನೆ ಕೇಳು, ನಾನು ಉತ್ತರ ಹೇಳ್ತೀನಿ, ಎನ್ನುತ್ತಿದ್ದಳು. ಐದು ವರ್ಷದ ನಂತರ ನೀವು ಎಲ್ಲಿರುತ್ತೀರಿ ಎಂದು ಇವಳು ಚೀಟಿ ನೋಡಿಕೊಂಡು ಕೇಳುವುದು, ಅವಳು ಕಣ್ಣು ಮಿಟುಕಿಸದೆ ಹೇಳುವುದು. ನಿನ್ನೆ ಮಗಳು ತಮಾಷೆಗೆ, ಈಗ ನೀನು ಹೇಳಮ್ಮ, ಎಂದಳು. ಇವಳು ಎದ್ದು ಹೋಗಿ ಹಾಲಿಗೆ ಹೆಪ್ಪು ಹಾಕಿದಳು.

“ಎಂಟನೇದು ಬರ್ಕೊಳ್ಳಿ,” ಎಂದಳು ಬಣ್ಣದಕ್ಕ. “ರೀಲನ್ನ ಬಟ್ಟೆ ಮೇಲೆ ಇಟ್ಟು ನೋಡಬಾರದು. ಸುತ್ತಿದಾಗ ದಾರ ಗಾಢವಾಗಿ ಕಾಣುತ್ತೆ, ಹೊಲಿದ ಮೇಲೆ ಒಂಟಿ ಎಳೆ ಪೇಲವ ಆಗಿಬಿಡುತ್ತೆ. ಅದಕ್ಕೆ ಎಳೆ ಬಿಚ್ಚಿ ಒಂದೇ ಒಂದು ಮಲಗಿಸಬೇಕು. ಒಂಟಿ ಇದ್ದಾಗ ಹೇಗೆ ಕಾಣುತ್ತೆ ಅದೇ ಅದರ ನಿಜ.”

“ಕೊನೇದನ್ನೂ ಬರೀಲಾ?”

“ಬೇಡ. ಅದು ಸುಮ್ನೆ ಅಂದಿದ್ದು.”

ಬಣ್ಣದಕ್ಕನಿಗೆ ಐವತ್ತಾರು. ದೊಡ್ಡ ಮೈ, ಸಣ್ಣ ಕೈ. ಗೂಡಿನ ಮುಂದೆ ನಿಂತು ತಲೆಯೆತ್ತದೆ ರೀಲು ತೆಗೆಯುತ್ತಿದ್ದಳು, ಕತ್ತಲಲ್ಲಿ ಅಡುಗೆಮನೆಯ ಡಬ್ಬಿ ತೆಗೆದ ಹಾಗೆ. ಮಾತಿನಲ್ಲಿ ಎಚ್ಚರವಿತ್ತು. ಇರದೆ ಏನು. ಇವಳು ಮೊದಲು ಕೂತದ್ದು ಫೋನು ತೆಗೆಯುವವಳ ಪಕ್ಕದಲ್ಲಿ, ಆಮೇಲೆ ಗೋಡೌನಿನವನ ಪಕ್ಕದಲ್ಲಿ, ಆಮೇಲೆ ಲಾರಿ ಕಳಿಸುವ ಗುಮಾಸ್ತನ ಪಕ್ಕದಲ್ಲಿ. ಇವಳು ಬರೆದು ಮುಗಿಸಿದ ಎರಡು ಮೂರು ವಾರಕ್ಕೆ ಅವರ ಕುರ್ಚಿಗಳು ಖಾಲಿಯಾದವು. ತೆಗೆದುಹಾಕಿದರು ಎಂದು ಯಾರೂ ಅನ್ನಲಿಲ್ಲ, ಹೊಂದಾಣಿಕೆ ಎಂದರು. ಗೋಡೌನಿನವನು ಹೋಗುವ ದಿನ ನಗುತ್ತಲೇ ಇವಳಿಗೆ ಚಿತ್ರಗುಪ್ತಮ್ಮ ಎಂದು ಹೆಸರಿಟ್ಟು ಹೋದ. ಹೆಸರು ನಿಂತುಬಿಟ್ಟಿತು. ಕಳೆದ ವಾರ ಬಸ್ಸಿನಲ್ಲಿ ಫೋನಿನವಳು ಸಿಕ್ಕಿದ್ದಳು. ಇವಳು ಮುಗುಳ್ನಕ್ಕಳು. ಆಕೆ ಇವಳ ಮುಖದ ಮೂಲಕ ಕಿಟಕಿಯಾಚೆ ಏನನ್ನೋ ನೋಡುತ್ತ ಕೂತಳು.

ಹತ್ತೂವರೆಗೆ ಬೆಳಕು ಕೋಣೆಯ ತುಂಬ ಸಮನಾಗಿ ಹರಡಿಕೊಂಡಿತು. ಎಲ್ಲಿಯೂ ನೆರಳಿಲ್ಲ. ಪೆನ್ನಿಗೂ ಇಲ್ಲ, ಬರೆಯುವ ಕೈಗೂ ಇಲ್ಲ. ಅವಳಿಗೆ ನೀರಿನ ತಳದಲ್ಲಿ ಕೂತು ಬರೆಯುತ್ತಿರುವ ಹಾಗನ್ನಿಸಿತು. ಬಣ್ಣದಕ್ಕ ಬಟ್ಟೆ ತೆಗೆಯುವುದು, ಎಳೆ ಮಲಗಿಸುವುದು, ಕಣ್ಣು ಕಿರಿದು ಮಾಡುವುದು, ಗೋಡೆ ನೋಡುವುದು. ಎಲ್ಲ ದೂರದಲ್ಲಿ ಸದ್ದಿಲ್ಲದೆ ನಡೆಯುತ್ತಿತ್ತು. ಬಣ್ಣದಕ್ಕ ಫೋನಿಗೆ ಎದ್ದು ಹೋದಾಗ ಅವಳು ಪುಸ್ತಕದ ಕೊನೆಯ ಹಾಳೆ ತಿರುವಿ, ಯಾಕೆಂದು ಗೊತ್ತಿಲ್ಲದೆ, ತನ್ನ ಮನೆಯನ್ನು ಬರೆಯತೊಡಗಿದಳು.

ಒಂದು: ಎಲ್ಲರಿಗಿಂತ ಮೊದಲು ಏಳುವುದು. ಎರಡು: ಗ್ಯಾಸ್ ಹಚ್ಚುವುದು. ಐದು: ಮಗಳನ್ನು ಎಬ್ಬಿಸುವುದು, ಮೂರು ಸಲ. ಎಂಟು: ಗಂಡ ಪೇಪರಿನಿಂದ ತಲೆಯೆತ್ತಿದರೆ ಹೇಳಬೇಕಾದ್ದನ್ನು ಹೇಳುವುದು, ಎತ್ತದಿದ್ದರೆ ಸಂಜೆಗೆ ಇಡುವುದು. ಹನ್ನೊಂದು: ದೀಪ ಆರಿಸುವುದು.

ಹನ್ನೊಂದಕ್ಕೆ ಮುಗಿದುಹೋಯಿತು. ಅವಳು ಇನ್ನೇನಾದರೂ ಇದೆಯೇ ಎಂದು ಯೋಚಿಸಿದಳು. ಗೂಡಿನ ರೀಲುಗಳು ಅವಳನ್ನು ನೋಡುತ್ತಿದ್ದವು. ಇಪ್ಪತ್ತೆರಡು ವರ್ಷ ಅರ್ಧ ಹಾಳೆ. ಹಾಳೆಯ ಉಳಿದರ್ಧ ಬಿಳಿಯಾಗಿತ್ತು.

ಕಸ ಗುಡಿಸುವವಳು ಬಂದದ್ದು ಆಗ. ಬಣ್ಣದಕ್ಕನೂ ಫೋನು ಮುಗಿಸಿ ಬಂದು ಕೂತಳು, ಹೊಸ ಲಕೋಟೆ ಒಡೆದು ಕಡುಬಣ್ಣದ ಬಟ್ಟೆಯೊಂದನ್ನು ಮೇಜಿನ ಮೇಲಿಟ್ಟಳು. ಎರಡು ಎಳೆ ಮಲಗಿಸಿದಳು. ಗೋಡೆ ನೋಡಿದಳು. ಮತ್ತೆ ನೋಡಿದಳು.

“ಬಾರೇ ಇಲ್ಲಿ,” ಎಂದು ಕಸ ಗುಡಿಸುವವಳನ್ನು ಕರೆದಳು. “ನಿನ್ನ ಮಗಳಿಗೆ ಈ ಬಟ್ಟೇಲಿ ಲಂಗ ಹೊಲಿಸ್ತೀಯ ಅಂತಿಟ್ಕೋ. ಯಾವ ದಾರ ಹಾಕಿಸ್ತೀಯ?”

“ನನ್ನ ಮಗಳು ಲಂಗ ಬಿಟ್ಟು ಪ್ಯಾಂಟಿಗೆ ಬಂದು ಯಾವ ಕಾಲ ಆಯ್ತು,” ಎಂದಳು ಆಕೆ, ಪೊರಕೆಯ ಹಿಡಿಯನ್ನೇ ಬಟ್ಟೆಯ ಕಡೆ ಚಾಚಿ. “ಈ ಕಡೇದು. ಆ ಕಡೇದು ಕಪ್ಪಲ್ವ.”

“ಪರವಾಗಿಲ್ಲ, ಕಣ್ಣಿದೆ ನಿನಗೆ,” ಎಂದು ಬಣ್ಣದಕ್ಕ ನಕ್ಕು ರೀಲಿನ ನಂಬರನ್ನು ಚೀಟಿಗೆ ಬರೆದಳು. ಬಟ್ಟೆ ಗಾಢ ನೀಲಿ. ಕೂತಲ್ಲಿಂದಲೇ ಇವಳಿಗೆ ಕಾಣುತ್ತಿತ್ತು.

ಬೆಳಗಿನಿಂದ ಇದು ಎರಡನೆಯ ಸಲ ಎಂದು ಅವಳಿಗೆ ಹೊಳೆಯಿತು. ಮೊದಲನೆಯದೂ ನೀಲಿಯೇ, ಆಗ ಲಕೋಟೆ ತಂದ ಹೆಂಗಸನ್ನು ಬಣ್ಣದಕ್ಕ ಕೇಳಿದ್ದಳು. ಕೆಂಪಿಗೆ ಕೇಳಲಿಲ್ಲ, ಹಸಿರಿಗೆ ಕೇಳಲಿಲ್ಲ. ಇವಳು ಪುಸ್ತಕವನ್ನು ಮತ್ತೆ ಹೆಜ್ಜೆಗಳ ಹಾಳೆಗೆ ತಿರುವಿದಳು. ಬರೆದಳು: ಹನ್ನೆರಡನೆಯ ಹೆಜ್ಜೆ: ಗಾಢ ನೀಲಿ ಅಥವಾ ಕಪ್ಪು ಬಂದಾಗ ಇನ್ನೊಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳುವುದು. ನಲವತ್ತು ಸೆಕೆಂಡು. ಬರೆದ ಮೇಲೆ ಎರಡು ಸಲ ಓದಿಕೊಂಡಳು. ಆರು ತಿಂಗಳಲ್ಲಿ ಯಾರೂ ಹೇಳಿಕೊಡದೆ ತಾನೇ ಕಂಡುಹಿಡಿದ ಮೊದಲ ಹೆಜ್ಜೆ ಅದು.

ಊಟದ ಡಬ್ಬಿ ತೆಗೆದಾಗ ಬಣ್ಣದಕ್ಕ ಕೈ ಒರೆಸಿಕೊಂಡು ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡಳು. ಬೇರೆ ಯಾರೂ ಹಾಗೆ ಮಾಡಿರಲಿಲ್ಲ. ಒಂದೊಂದೇ ಹೆಜ್ಜೆ ಓದುತ್ತ, ತಲೆದೂಗುತ್ತ, ಕೊನೆಗೆ ಬಂದು ನಿಲ್ಲಿಸಿದಳು. ತುತ್ತು ಕೈಯಲ್ಲೇ ಉಳಿಯಿತು.

“ಎರಡು ವರ್ಷ ಆಯ್ತು,” ಎಂದಳು, ಯಾರದೋ ವಿಷಯ ಹೇಳುವ ಹಾಗೆ. ಎರಡೂ ಕಣ್ಣಿನಲ್ಲಿ ಪೊರೆ. ಉಳಿದ ಬಣ್ಣ ಹೇಗೋ ನಡೆಯುತ್ತದೆ. ನೀಲಿ ಮಾತ್ರ ಹೊರಟುಹೋಗಿದೆ. ಆಪರೇಷನ್ ಮಾಡಿಸಿದರೆ ಸರಿಹೋಗುತ್ತದೆಂದು ಡಾಕ್ಟರು ಹೇಳುತ್ತಾರೆ, ಆದರೆ ಮಾಡಿಸಲು ರಜೆ ಹಾಕಬೇಕು, ರಜೆಗೆ ಕಾರಣ ಬರೆಯಬೇಕು. ಬಣ್ಣದ ಕೋಣೆಯವಳ ಕಣ್ಣಿಗೆ ಪೊರೆ ಎಂದು ಒಮ್ಮೆ ಕಾಗದದ ಮೇಲೆ ಬಂದರೆ, ಎರಡು ವರ್ಷದಿಂದ ಕಳಿಸಿದ ದಾರವನ್ನೆಲ್ಲ ಮತ್ತೆ ಬಿಚ್ಚಿ ನೋಡುತ್ತಾರೆ. ನಿವೃತ್ತಿಗೆ ಇನ್ನು ಒಂದೂವರೆ ವರ್ಷ.

“ಒಂದು ತಪ್ಪು ಹೋಗಿಲ್ಲ ಕಣೆ,” ಎಂದಳು. “ಎರಡು ವರ್ಷದಲ್ಲಿ ಒಂದೇ ಒಂದು ರೀಲು ವಾಪಸ್ ಬಂದಿಲ್ಲ. ಕೇಳೋದ್ರಲ್ಲಿ ತಪ್ಪೇನಿದೆ?”

ನೀವು ಯಾವಾಗ ನೀನು ಆಯಿತೆಂದು ಇವಳಿಗೆ ತಿಳಿಯಲಿಲ್ಲ. ಹಿತವಾಯಿತು. ತಕ್ಷಣ ಭಯವೂ ಆಯಿತು.

“ಹನ್ನೆರಡನೇದು ಹೊಡೆದುಹಾಕ್ತೀಯಾ?”

“ನೋಡೋಣ ಅಕ್ಕ.”

“ನೋಡೋಕೆ ಅಂತ ನನ್ನ ಕೂರಿಸಿದ್ರು. ನನ್ನ ಗತಿ ಹೀಗಾಯ್ತು,” ಎಂದು ಬಣ್ಣದಕ್ಕ ನಕ್ಕು ಡಬ್ಬಿ ಮುಚ್ಚಿದಳು. ಅರ್ಧ ಊಟ ಒಳಗೇ ಇತ್ತು.

ಹೊಡೆದುಹಾಕುವುದು ಸುಲಭವಿರಲಿಲ್ಲ. ಹಾಳೆಗಳಿಗೆಲ್ಲ ನಂಬರು ಹಾಕಿ ಕೊಡುತ್ತಿದ್ದರು. ಒಂದು ಸಾಲು ಹೊಡೆದರೆ ಪಕ್ಕದಲ್ಲಿ ಕಾರಣ ಬರೆದು ಸಹಿ ಮಾಡಬೇಕು. ಅವಳು ಪೆನ್ನು ಹಿಡಿದು ಕಾರಣಕ್ಕಾಗಿ ಹುಡುಕಿದಳು. ತಪ್ಪಾಗಿ ಬರೆದದ್ದು? ತಪ್ಪಾಗಿರಲಿಲ್ಲ. ಅನಗತ್ಯ? ಅದೊಂದೇ ಅಗತ್ಯವಾದ ಹೆಜ್ಜೆ. ಅದಿಲ್ಲದಿದ್ದರೆ ಉಳಿದ ಹನ್ನೊಂದನ್ನು ಯಾರು ಬೇಕಾದರೂ ಬರೆಯಬಹುದಿತ್ತು. ಬಣ್ಣದಕ್ಕನ ಮೇಲೆ ಅವಳಿಗೆ ಕರುಣೆ ಇತ್ತು. ಆ ಸಾಲಿನ ಮೇಲೆ ಪ್ರೀತಿ ಇತ್ತು. ಎರಡರಲ್ಲಿ ಯಾವುದು ದೊಡ್ಡದೆಂದು ತನ್ನನ್ನೇ ಕೇಳಿಕೊಳ್ಳುವಷ್ಟರಲ್ಲಿ ಗಂಡನ ಫೋನು ಬಂತು. ನೀರಿನ ಪಂಪಿನ ರಿಪೇರಿಯವನ ನಂಬರು ಎಲ್ಲಿ ಬರೆದಿಟ್ಟಿದ್ದೀಯ ಎಂದು ಕೇಳಿದ. ಫ್ರಿಜ್ಜಿನ ಪಕ್ಕದ ಗೋಡೆಯ ಮೇಲೆ, ಎಂದಳು. ಇಲ್ಲವಲ್ಲ, ಎಂದ. ಇದೆ, ಎಂದಳು. ಹೌದು ಇದೆ, ಇಲ್ಲೇ ಇದೆ, ಎಂದು ಇಟ್ಟುಬಿಟ್ಟ. ಇವತ್ತು ಏನಾಯಿತೆಂದು ಕೇಳಲಿಲ್ಲ. ಇವತ್ತು ಏನೋ ಆಗುತ್ತದೆ ಎಂದು ಅವಳು ಹೇಳಿಯೂ ಇರಲಿಲ್ಲ.

ಮೂರಕ್ಕೆ ಸರಿಯಾಗಿ ಮ್ಯಾನೇಜರು ಬಂದ. ಬಿಳಿ ಕೋಟು ಅವನಿಗೆ ದೊಡ್ಡದಾಗಿ ಮಕ್ಕಳ ನಾಟಕದ ಡಾಕ್ಟರನ ಹಾಗೆ ಕಾಣುತ್ತಿದ್ದ. ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಬಟ್ಟೆಯ ಮೇಲೆ ಒತ್ತಿದರೆ ಟಿಕ್ ಎನ್ನುತ್ತಿತ್ತು, ಅಷ್ಟೆ. ಅವನು ಅವಳ ಪುಸ್ತಕವನ್ನು ತೆಗೆದುಕೊಂಡು ಮೊಣಕೈ ಪಕ್ಕ ಇಟ್ಟುಕೊಂಡ, ಇನ್ನೂ ತೆರೆಯಲಿಲ್ಲ. ತಮಾಷೆ ಅಂದುಕೊಳ್ಳಿ ಅಕ್ಕ, ಪರೀಕ್ಷೆ ನಿಮಗಲ್ಲ, ಈ ಡಬ್ಬಕ್ಕೆ, ಎಂದ. ಬಣ್ಣದಕ್ಕ, ಡಬ್ಬ ಪಾಸಾದರೆ ನಾನು ಮಿಠಾಯಿ ಹಂಚಬೇಕೋ ನೀವೋ, ಎಂದಳು. ಮೂವರೂ ನಕ್ಕರು.

ಮೊದಲನೆಯದು ಇಟ್ಟಿಗೆ ಕೆಂಪು. ಟಿಕ್. ಬಣ್ಣದಕ್ಕ ಎಳೆ ಮಲಗಿಸಿ ನಂಬರು ಹೇಳಿದಳು. ಯಂತ್ರವೂ ಅದನ್ನೇ ಹೇಳಿತು. ಎರಡನೆಯದು ಹಸಿರಿಗೂ ಹಳದಿಗೂ ನಡುವಿನದು. ಅದರಲ್ಲಿ ಯಂತ್ರ ಒಂದು ನಂಬರು ಆಚೀಚೆಯಾಯಿತು, ಬಣ್ಣದಕ್ಕ ಸರಿ ಎಂದು ಮ್ಯಾನೇಜರೇ ಒಪ್ಪಿಕೊಂಡ. ಬಣ್ಣದಕ್ಕನ ಮುಖ ಅರಳಿತು. ಮೂರನೆಯ ಲಕೋಟೆ ಒಡೆದರು.

ಗಾಢ ನೀಲಿ.

ಬಣ್ಣದಕ್ಕ ಗೂಡಿನಿಂದ ಎರಡು ರೀಲು ತಂದಳು. ಕೈಗೆ ಜಾಗ ಗೊತ್ತಿತ್ತು. ಆದರೆ ತಂದು ಮೇಜಿನ ಮೇಲಿಟ್ಟು ಎಳೆ ಬಿಚ್ಚುವಷ್ಟರಲ್ಲಿ ಯಾವುದು ಯಾವ ಕೈಯದೆಂದು ತಪ್ಪಿತೋ ಏನೋ, ನಿಂತುಬಿಟ್ಟಳು. ಎಳೆಗಳನ್ನು ಮಲಗಿಸಿದಳು. ಗೋಡೆ ನೋಡಿದಳು. ಹನ್ನೆರಡು ಸೆಕೆಂಡು ಆಯಿತು. ಇಪ್ಪತ್ತಾಯಿತು. ಹೊರಗೆ ಎಲ್ಲೋ ಲಾರಿಯೊಂದು ಹಿಂದೆ ಹೋಗುತ್ತ ಕೂಗುತ್ತಿತ್ತು. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಸ ಗುಡಿಸುವವಳು ಬರುವುದು ಇನ್ನು ಐದಕ್ಕೆ.

ಬಣ್ಣದಕ್ಕ ತಿರುಗಿ ಇವಳನ್ನು ನೋಡಿದಳು.

“ನೀವೇ ಹೇಳಿ ನೋಡೋಣ,” ಎಂದಳು, ಹಗುರವಾಗಿ. “ಬೆಳಗಿಂದ ಪಕ್ಕದಲ್ಲೇ ಕೂತಿದ್ದೀರಿ. ಏನು ಕಲ್ತ್ರಿ ಅಂತ ಗೊತ್ತಾಗ್ಲಿ. ಯಾವುದು?”

ಎಡಗಡೆಯದು. ಕುರುಡರಿಗೂ ಕಾಣುವಷ್ಟು ಸ್ಪಷ್ಟವಾಗಿ ಎಡಗಡೆಯದು. ಬಾಯಿ ತೆರೆದರೆ ಸಾಕಿತ್ತು. ತಮಾಷೆಯಾಗಿ ಮುಗಿದುಹೋಗುತ್ತಿತ್ತು, ಪುಸ್ತಕವನ್ನು ಒಂದು ನಿಮಿಷ ಕೊಡಿ ಎಂದು ತೆಗೆದುಕೊಂಡು ಸಾಲು ಹೊಡೆದು ಯಾವುದಾದರೊಂದು ಕಾರಣ ಬರೆಯಬಹುದಿತ್ತು. ಮ್ಯಾನೇಜರು ಇವಳ ಕಡೆ ನೋಡುತ್ತಿದ್ದ. ಬಣ್ಣದಕ್ಕನೂ ನೋಡುತ್ತಿದ್ದಳು. ಎಷ್ಟೋ ವರ್ಷಗಳ ಮೇಲೆ ಇಬ್ಬರು ಒಟ್ಟಿಗೆ ಅವಳ ಮಾತಿಗಾಗಿ ಕಾಯುತ್ತಿದ್ದರು. ಅವಳಿಗೆ ತಾನು ಬಹಳ ದೂರದಿಂದ, ನೀರಿನ ಮೇಲ್ಗಡೆಯಿಂದ ಈ ಮೂವರನ್ನು ನೋಡುತ್ತಿರುವಂತೆ ಅನ್ನಿಸಿತು. ಅಲ್ಲಿ ಕೂತಿದ್ದ ಬಿಳಿ ಕೋಟಿನ ಹೆಂಗಸು ಹೇಳಿದಳು:

“ನಾನು ಬರೀ ಬರ್ಕೊಳ್ಳೋಳು ಅಕ್ಕ.”

ಬಣ್ಣದಕ್ಕ ಮತ್ತೆ ಬಟ್ಟೆಯ ಕಡೆ ತಿರುಗಿದಳು. ಆಮೇಲೆ ಕೈ ಚಾಚಿ ಬಲಗಡೆಯ ಎಳೆಯನ್ನು ಎತ್ತಿದಳು. ಅದು ತಪ್ಪು ಎಳೆಯೆಂದು ಎತ್ತುವಾಗಲೇ ಅವಳಿಗೆ ಗೊತ್ತಿತ್ತೆಂದು ಇವಳಿಗೆ ಆಮೇಲೆ ಅನ್ನಿಸಿತು. ಎತ್ತಿದ ಕೈಯಲ್ಲಿ ಅವಸರವಿರಲಿಲ್ಲ.

“ಯಂತ್ರ ಬೇರೆ ಹೇಳ್ತಿದೆಯಲ್ಲ,” ಎಂದ ಮ್ಯಾನೇಜರು, ಮೆಲ್ಲಗೆ.

“ಹಾಗಾದ್ರೆ ಅದನ್ನೇ ಕೂರಿಸಿ,” ಎಂದು ಬಣ್ಣದಕ್ಕ ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಒಳಗೆ ಅವಳು ನೀಲಿ ಸೀರೆ ಉಟ್ಟಿದ್ದಳು. ಅದು ಅವಳಿಗೆ ಯಾವ ಬಣ್ಣವಾಗಿ ಕಾಣುತ್ತಿತ್ತೋ. ಮುಖ ತೊಳೆದು ಬರುತ್ತೇನೆಂದು ಹೊರಗೆ ಹೋದಳು. ಹೋಗುವಾಗ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು.

ಮ್ಯಾನೇಜರು ಪುಸ್ತಕ ತೆರೆದ. ಬೆರಳಿಟ್ಟು ಓದುತ್ತ ಹೋದ. ಹನ್ನೆರಡಕ್ಕೆ ಬಂದಾಗ ಬೆರಳು ನಿಂತಿತು. ಅವನು ಮೇಜಿನ ಮೇಲಿದ್ದ ಕಪ್ಪು ಎಳೆಯನ್ನೂ ಬಟ್ಟೆಯನ್ನೂ ನೋಡಿದ, ಮತ್ತೆ ಸಾಲು ಓದಿದ. ಅವನ ಮುಖದಲ್ಲಿ ಮೊದಲು ಬಂದದ್ದು ದುಃಖವೇ. ಆದರೆ ಅವನು ಅದನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ.

“ತುಂಬ ಚೆನ್ನಾಗಿ ಬರ್ದಿದೀರಿ ಮೇಡಂ. ಅದ್ರಲ್ಲೂ ಹನ್ನೆರಡನೇದು.”

ಕಾಯಂ ಪತ್ರ ಅವನ ಜೇಬಿನಲ್ಲೇ ಇತ್ತು, ಮೊದಲೇ ಸಹಿಯಾಗಿ. ಸೋಮವಾರದಿಂದ ನೀವು ಇದೇ ಕೋಣೆಯಲ್ಲಿ ಯಂತ್ರದ ಜೊತೆ ಕೂರಬೇಕಾಗುತ್ತದೆ ಎಂದ. ಅಕ್ಕನಿಗೆ ಏನೋ ಒಂದು ಹೊಂದಾಣಿಕೆ ಮಾಡೋಣ ಎಂದ. ಅವಳು ಥ್ಯಾಂಕ್ಸ್ ಎಂದಳು. ತನ್ನ ದನಿ ಎಷ್ಟು ಸಹಜವಾಗಿತ್ತೆಂದು ಅವಳಿಗೇ ಆಶ್ಚರ್ಯವಾಯಿತು. ಅವನು ಬಾಗಿಲವರೆಗೆ ಹೋಗಿ, ಮರೆತದ್ದು ನೆನಪಾದವನಂತೆ ತಿರುಗಿ, ತಾರಸಿಯ ಮೇಲೆ ಬಿಸಿಲು ಪರೀಕ್ಷೆಯ ಕಾರ್ಡುಗಳಿವೆ, ಮೂರು ತಿಂಗಳಾಯಿತು, ಇವತ್ತು ಇಳಿಸಬೇಕು, ಹೇಗೂ ಇನ್ನು ನಿಮ್ಮದೇ ತಾನೆ, ಎಂದು ಹೋದ.

ಅವಳು ಹೊರಬಂದಾಗ ಕೈ ತೊಳೆಯುವ ನಲ್ಲಿಯ ಹತ್ತಿರ ಯಾರೂ ಇರಲಿಲ್ಲ. ನೆಲ ಒದ್ದೆಯಾಗಿತ್ತು. ಮೆಟ್ಟಿಲು ಹತ್ತಿದಳು.

ತಾರಸಿಯ ಮೇಲೆ ಇಳಿಬಿಸಿಲು. ಗೋಡೆಗೊರಗಿಸಿದ ಮರದ ಚೌಕಟ್ಟಿನಲ್ಲಿ ಸಾಲಾಗಿ ರಟ್ಟಿನ ಕಾರ್ಡುಗಳಿದ್ದವು. ಒಂದೊಂದರ ಸುತ್ತಲೂ ಒಂದೊಂದು ಬಣ್ಣದ ದಾರವನ್ನು ಒತ್ತಾಗಿ, ಎಳೆಗಳು ಮೇಲಿನಿಂದ ಕೆಳಕ್ಕೆ ನಿಲ್ಲುವಂತೆ ಸುತ್ತಿದ್ದರು. ಎಲ್ಲವುಗಳ ಕೆಳಗಿನ ಅರ್ಧಕ್ಕೆ ಅಡ್ಡಲಾಗಿ ಕಪ್ಪು ತಗಡಿನ ಪಟ್ಟಿ. ಮುಚ್ಚಿದ್ದು ಹಾಗೇ ಉಳಿಯುತ್ತದೆ, ತೆರೆದದ್ದು ಬಿಸಿಲಿಗೆ ಎಷ್ಟು ಮಾಸಿತೆಂದು ಹೋಲಿಸಿ ನೋಡಬೇಕು. ಅವಳು ಪಟ್ಟಿ ತೆಗೆದಳು. ಪ್ರತಿ ಕಾರ್ಡಿನ ನಡುವೆ ಚಾಕುವಿನಿಂದ ಕೊಯ್ದ ಹಾಗೆ ಒಂದು ಗೆರೆ ಕಂಡಿತು. ಕೆಳಗೆ ಯಾರೂ ನೋಡದ ಬಣ್ಣ. ಮೇಲೆ ಹೆಸರು ಹೇಳಲು ಬಾರದ ಏನೋ.

ಕೊನೆಯ ಕಾರ್ಡಿನಲ್ಲಿ ದಾರದ ತುದಿ ಸಡಿಲವಾಗಿ ಗಾಳಿಗೆ ಆಡುತ್ತಿತ್ತು. ಸಿಕ್ಕಿಸಿಬಿಡೋಣವೆಂದು ಅವಳು ಕಾರ್ಡನ್ನು ಚೌಕಟ್ಟಿನಿಂದ ತೆಗೆದು ತುದಿ ಹಿಡಿದಳು. ಎಳೆಯಬಾರದಿತ್ತು. ಎಳೆದಳು. ಸರಾಗವಾಗಿ ಬಂತು: ಒಂದು ಗೇಣು ಗಾಢ, ಒಂದಿಷ್ಟು ಪೇಲವ, ಮತ್ತೆ ಗಾಢ, ಮತ್ತೆ ಪೇಲವ. ಅಷ್ಟೂ ಒಂದೇ ದಾರ. ನಿಲ್ಲಿಸಬೇಕೆಂದು ಅವಳಿಗೆ ಗೊತ್ತಿತ್ತು. ಮೂರು ತಿಂಗಳ ಪರೀಕ್ಷೆ ಅದು. ಕೈ ನಿಲ್ಲಲಿಲ್ಲ. ಕಾರ್ಡು ಬೆರಳುಗಳ ನಡುವೆ ಸಣ್ಣಗೆ ತಿರುಗುತ್ತ ದಾರ ಬಿಚ್ಚಿಕೊಳ್ಳುತ್ತಲೇ ಹೋಯಿತು. ಕಾಲ ಬಳಿ ಬಿತ್ತು, ಕೋಟಿನ ಗುಂಡಿಗೆ ತೊಡರಿತು, ಉಳಿದದ್ದನ್ನು ಗಾಳಿ ಎತ್ತಿಕೊಂಡು ಕಟ್ಟೆಯಾಚೆ ಚಾಚಿತು. ಬಿಸಿಲಿಗೆ ಎದುರಾಗಿ ಅಲ್ಲಿ ಅದು ಒಮ್ಮೆ ಕಂಡು ಒಮ್ಮೆ ಕಾಣದೆ, ತುಂಡು ತುಂಡಾಗಿ ತೇಲುತ್ತಿತ್ತು. ಅವಳ ಕೈಯಲ್ಲಿ ಬರಿಯ ಬಿಳಿ ರಟ್ಟು ಇನ್ನೂ ತಿರುಗುತ್ತಿತ್ತು.